ಎರಡು ಮಳೆಗಾಲ ಬಳಸಿದ ಮೇಲೆ: ಎಬಿಎಸ್ ದೋಷ ಓದುವ ಸ್ಕ್ಯಾನರ್

ಮೂರ್ನಾಡಿನಿಂದ ಮಡಿಕೇರಿಗೆ ದಿನವೂ ಕಾರಿನಲ್ಲಿ ಹೋಗಿ ಬರುವ ಶಿಕ್ಷಕಿ ನಾನು. ಕಾರಿನ ಬ್ರೇಕಿಗೆ ಸೇರಿದ ಎಬಿಎಸ್ ವ್ಯವಸ್ಥೆಯ ದೋಷವನ್ನು ಓದಿ ಹೇಳುವ, ಕೈಯಲ್ಲಿ ಹಿಡಿದು ಬಳಸುವ ಈ ಸ್ಕ್ಯಾನರನ್ನು 6,500 ರೂಪಾಯಿ ಕೊಟ್ಟು ಕೊಂಡು ಎರಡು ಮಳೆಗಾಲಗಳು ಕಳೆದಿವೆ. ಕೊಂಡ ಮೊದಲ ತಿಂಗಳಲ್ಲೇ ವಿಮರ್ಶೆ ಬರೆದಿದ್ದರೆ ಇದನ್ನು ಯಾರೂ ಕೊಳ್ಳಬೇಡಿ ಎಂದು ಬರೆಯುತ್ತಿದ್ದೆ.

ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯವಾದ 2019ರಲ್ಲಿಯೇ ಕೊಂಡ ಕಾರು ನನ್ನದು. ಕೀಲಿ ತಿರುಗಿಸಿದಾಗ ಹಳದಿ ಎಬಿಎಸ್ ದೀಪ ಹೊತ್ತಿ, ತನ್ನನ್ನು ತಾನೇ ಪರೀಕ್ಷಿಸಿಕೊಂಡು, ಮೂರ್ನಾಲ್ಕು ಸೆಕೆಂಡಿನಲ್ಲಿ ಆರಬೇಕು. ಕೊಡಗಿನಲ್ಲಿ ಮಳೆ ಜೋರಾಗಿರುವ ಕಕ್ಕಡ ತಿಂಗಳ ಜಡಿಮಳೆಯ ಒಂದು ಬೆಳಿಗ್ಗೆ ಹಾಗೆಯೇ ಆರಿತು. ಆದರೆ ಗೇಟು ದಾಟಿ ಸ್ವಲ್ಪ ವೇಗ ಹಿಡಿದ ಕೂಡಲೇ ಮತ್ತೆ ಹೊತ್ತಿಕೊಂಡದ್ದು ಶಾಲೆ ಮುಟ್ಟುವವರೆಗೂ ಆರಲಿಲ್ಲ. ಸಾಮಾನ್ಯ ಬ್ರೇಕು ಕೆಲಸ ಮಾಡುತ್ತಲೇ ಇತ್ತು, ಆದರೆ ನೆನೆದ ಇಳಿಜಾರಿನಲ್ಲಿ ಗಟ್ಟಿಯಾಗಿ ಬ್ರೇಕು ತುಳಿದಾಗ ಚಕ್ರ ಜಾಮಾಗಿ ಸ್ಟೇರಿಂಗ್ ಮಾತು ಕೇಳದೆ ಹೋಗುವುದನ್ನು ತಪ್ಪಿಸುವುದೇ ಎಬಿಎಸ್ ಆದ್ದರಿಂದ, ಅದಿಲ್ಲದೆ ಸಂಪಾಜೆ ಘಾಟಿ ಇಳಿಯಲು ನನಗೆ ಧೈರ್ಯವಿರಲಿಲ್ಲ. ಸರ್ವಿಸ್ ಸೆಂಟರಿನಲ್ಲಿ ಚಕ್ರವನ್ನು ಬಿಚ್ಚಿಯೂ ನೋಡದೆ, ಎಬಿಎಸ್ಸನ್ನು ನಿಯಂತ್ರಿಸುವ ಮಾಡ್ಯೂಲನ್ನೇ ಬದಲಾಯಿಸಬೇಕೆಂದು 38,000 ರೂಪಾಯಿಯ ಅಂದಾಜು ಪಟ್ಟಿ ಕೊಟ್ಟರು. ಮನೆಯಲ್ಲಿದ್ದ 700 ರೂಪಾಯಿಯ ಬ್ಲೂಟೂತ್ ಸಾಧನ, ಕಾರಿನ ಕಂಪ್ಯೂಟರ್ ದಾಖಲಿಸಿಡುವ ದೋಷದ ಕೋಡುಗಳ ಪೈಕಿ ಎಂಜಿನ್ನಿಗೆ ಸಂಬಂಧಿಸಿದ 'ಪಿ' ಕೋಡುಗಳನ್ನಷ್ಟೇ ಓದುತ್ತಿತ್ತು. ಬ್ರೇಕಿನ ದೋಷ 'ಸಿ' ಅಕ್ಷರದಿಂದ ಆರಂಭವಾಗುವ ಕೋಡುಗಳಲ್ಲಿರುತ್ತದೆ. ಈ ಸ್ಕ್ಯಾನರ್ ಕೊಂಡದ್ದು ಆ ಕಾರಣಕ್ಕೆ.

ಸ್ಟೇರಿಂಗಿನ ಕೆಳಗಿನ ಸಾಕೆಟ್ಟಿಗೆ ಚುಚ್ಚಿದೊಡನೆ ಸಿ0035 ಎಂಬ ಕೋಡು, ಅದರ ಕೆಳಗೆ ಎಡಬದಿಯ ಮುಂದಿನ ಚಕ್ರದ ವೇಗ ಸೆನ್ಸರಿನ ಸರ್ಕ್ಯೂಟ್ ಎಂಬ ವಿವರಣೆ ಬಂತು. ನಾನು 2,200 ರೂಪಾಯಿಯ ಹೊಸ ಸೆನ್ಸರ್ ಹಾಕಿಸಿದೆ, ಕೋಡನ್ನು ಅಳಿಸಿದೆ. ಎಂಟನೆಯ ದಿನ ಮಳೆ ಬಂತು, ದೀಪವೂ ಬಂತು. ಯಂತ್ರದ ಮೇಲೆ ನನಗೆ ಬಂದ ಸಿಟ್ಟು ಸಣ್ಣದಲ್ಲ. ಸರ್ಕ್ಯೂಟ್ ಎಂದರೆ ಸೆನ್ಸರ್ ಒಂದೇ ಅಲ್ಲ, ಅದರ ವಯರು, ಕನೆಕ್ಟರ್ ಎಲ್ಲವೂ ಸೇರುತ್ತದೆ ಎಂಬ ಒಂದು ಸಾಲು ಕೈಪಿಡಿಯಲ್ಲಿ ಇದ್ದಿದ್ದರೆ ಅಷ್ಟು ಹಣ ಉಳಿಯುತ್ತಿತ್ತು. ಈ ಕೊರತೆಯನ್ನು ನಾನು ಇಂದಿಗೂ ಮನ್ನಿಸಿಲ್ಲ.

ನನ್ನ ಅಭಿಪ್ರಾಯ ಬದಲಾದದ್ದು 'ಲೈವ್ ಡೇಟಾ' ಪುಟದಿಂದ. ಕಾರು ಓಡುತ್ತಿರುವಾಗ ನಾಲ್ಕು ಚಕ್ರಗಳ ವೇಗವನ್ನು ಇದು ಒಂದೇ ಪರದೆಯಲ್ಲಿ ತೋರಿಸುತ್ತದೆ. ಒಂದು ಭಾನುವಾರ ಮಗನನ್ನು ಪಕ್ಕದಲ್ಲಿ ಕೂರಿಸಿ, ಯಂತ್ರವನ್ನು ಅವನ ಕೈಗೆ ಕೊಟ್ಟು, ಖಾಲಿ ಮೈದಾನದಲ್ಲಿ ನಿಧಾನವಾಗಿ ಓಡಿಸಿದೆ. ನೇರ ಹೋಗುವಾಗ ನಾಲ್ಕೂ ಕಡೆ 24 ಎಂದೇ ಇತ್ತು. ಬಲಕ್ಕೆ ಪೂರ್ತಿ ತಿರುಗಿಸಿದಾಗ ಅವನು, "ಅಮ್ಮ, ಎಡಗಡೆ ಮುಂದಿನದು ಸೊನ್ನೆ ಆಯ್ತು!" ಎಂದು ಕೂಗಿದ. ತಿರುವಿನಲ್ಲಿ ಹೊರಬದಿಯ ಚಕ್ರ ಹೆಚ್ಚು ದೂರ ಸುತ್ತುವುದರಿಂದ ಅದರ ಅಂಕಿ ಏರಬೇಕಿತ್ತೇ ಹೊರತು ಸೊನ್ನೆಗೆ ಇಳಿಯಬಾರದಿತ್ತು. ಮತ್ತೆ ನೇರ ಮಾಡಿದರೆ ಅಂಕಿ ತಾನಾಗಿ ಮರಳುತ್ತಿತ್ತು. ಮೂರು ಸಲ ತಿರುಗಿಸಿದರೂ ಅದೇ ಆಯಿತು.

ಸ್ಟೇರಿಂಗ್ ತಿರುಗಿಸಿದಾಗ ಚಕ್ರದ ಜೊತೆ ಎಳೆದಾಡುವುದು ಸೆನ್ಸರಿನ ವಯರು. ಊರಿನ ಗ್ಯಾರೇಜಿನಲ್ಲಿ ಚಕ್ರ ಕಳಚಿ, ಒಳಗಿನ ಪ್ಲಾಸ್ಟಿಕ್ ಮಡ್‌ಗಾರ್ಡ್ ಸರಿಸಿದಾಗ ತೋಟದ ಕೆಂಪು ಮಣ್ಣು ಗಟ್ಟಿಯಾಗಿ ಅಂಟಿಕೊಂಡಿತ್ತು. ಅದನ್ನು ಕೆರೆದು ಕನೆಕ್ಟರನ್ನು ಬಿಡಿಸಿದ ಮೆಕ್ಯಾನಿಕ್, "ಟೀಚರೇ, ಸೆನ್ಸರ್‌ದು ಏನೂ ತಪ್ಪಿಲ್ಲ, ಇಲ್ಲಿ ನೋಡಿ" ಎಂದು ಟಾರ್ಚ್ ಹಿಡಿದರು. ಬಾಡಿ ಕಡೆಯಿಂದ ಬರುವ ವಯರಿನ ತುದಿಯಲ್ಲಿ, ತಾಮ್ರದ ಪಾತ್ರೆಯ ಮೇಲೆ ಕಟ್ಟುವಂಥ ಹಸಿರು ಕಿಲುಬು ಕಟ್ಟಿತ್ತು. ನೀರನ್ನು ತಡೆಯಬೇಕಾದ ರಬ್ಬರು ಸೀಳಿತ್ತು. ಹಾಳಾದ ತುದಿ ಕತ್ತರಿಸಿ, ಹೊಸ ಕನೆಕ್ಟರ್ ಬೆಸುಗೆ ಹಾಕಿ, ಮೇಲೆ ರಬ್ಬರ್ ಕೊಳವೆ ಹಾಕಿದ್ದಕ್ಕೆ ಸಾಮಾನು, ಕೂಲಿ ಸೇರಿ 450 ರೂಪಾಯಿ ತೆಗೆದುಕೊಂಡರು.

ಅಂದಿನಿಂದ ತಿಂಗಳ ಮೊದಲ ಭಾನುವಾರ, ಕಾಫಿ ಕುಡಿದು ಕಾರು ತೊಳೆಯುವ ಮೊದಲು ಸ್ಕ್ಯಾನರ್ ಚುಚ್ಚುತ್ತೇನೆ. ಗೇಟಿನಿಂದ ಬಸ್ ನಿಲ್ದಾಣದವರೆಗೆ ಹೋಗಿ ಬರುವಷ್ಟರಲ್ಲಿ ಮಗ ನಾಲ್ಕೂ ಅಂಕಿಗಳನ್ನು ಓದಿ ಹೇಳುತ್ತಾನೆ. ಈ ವರ್ಷದ ಕಕ್ಕಡದಲ್ಲಿ ದೀಪ ಒಮ್ಮೆಯೂ ಹೊತ್ತಲಿಲ್ಲ.

ಪರದೆ ಬಿಸಿಲಿನಲ್ಲಿ ಕಾಣುವುದಿಲ್ಲ, ವಿವರಣೆಗಳೆಲ್ಲ ಇಂಗ್ಲಿಷಿನಲ್ಲೇ ಇವೆ. ಎರಡನೆಯ ವರ್ಷದಿಂದ ಅಪ್‌ಡೇಟಿಗೆ ಹಣ ಕೇಳುತ್ತಾರೆ. ನಾನು ಕಟ್ಟಿಲ್ಲ, ಇದ್ದದ್ದು ಹಾಗೆಯೇ ನಡೆಯುತ್ತಿದೆ. ಕೊಳ್ಳುವವರು ನಿಮ್ಮ ಕಾರಿನ ಎಬಿಎಸ್ ಲೈವ್ ಡೇಟಾವನ್ನು ಅದು ತೋರಿಸುತ್ತದೆಯೇ ಎಂದು ಅಂಗಡಿಯಲ್ಲೇ ಚುಚ್ಚಿಸಿ ನೋಡಿ, ಕೋಡು ಮಾತ್ರ ಓದುವುದಾದರೆ ಬಿಟ್ಟುಬಿಡಿ. ಎಬಿಎಸ್ ದೀಪದ ಜೊತೆ ಕೆಂಪು ಬ್ರೇಕ್ ದೀಪವೂ ಹೊತ್ತಿದರೆ ಮಾತ್ರ ಸ್ಕ್ಯಾನರ್ ಹುಡುಕುತ್ತ ಕೂರದೆ, ಗಾಡಿಯನ್ನು ಅಲ್ಲೇ ನಿಲ್ಲಿಸಿ ಮೆಕ್ಯಾನಿಕ್ಕನ್ನು ಕರೆಸಿ.