ಎಂಡ್ಯೂರೆನ್ಸ್ ಕುದುರೆ ಸವಾರಿಯಲ್ಲಿ ಸ್ವಯಂಸೇವೆ: ಹೋಗಬಯಸುವವರಿಗಾಗಿ ಒಂದು ವಿಮರ್ಶೆ

ಸ್ವಂತ ಕುದುರೆಯಾಗಲಿ ಸವಾರಿಯ ಅಭ್ಯಾಸವಾಗಲಿ ಇಲ್ಲದೆ, ಕುದುರೆಗಳನ್ನು ಹತ್ತಿರದಿಂದ ಅರಿಯಬೇಕೆಂಬ ಆಸೆ ಮಾತ್ರ ಇರುವವರಿಗೆ ಎಂಡ್ಯೂರೆನ್ಸ್ (ಬಹುದೂರದ ಕುದುರೆ ಸವಾರಿ) ಸ್ಪರ್ಧೆಯ ಸ್ವಯಂಸೇವೆಗಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. 1955ರಿಂದ ನಡೆದುಬಂದ 100 ಮೈಲಿಯ ಟೆವಿಸ್ ಕಪ್ ಸವಾರಿಗೆ ಹೆಸರಾದ ಕ್ಯಾಲಿಫೋರ್ನಿಯಾದ ಸಿಯೆರಾ ತಪ್ಪಲಿನಲ್ಲೇ, 50 ಮೈಲಿಯ ಒಂದು ಸಣ್ಣ ಸ್ಪರ್ಧೆಯಲ್ಲಿ ನಾನು ಕುದುರೆಗಳ ಎದೆಬಡಿತ ಎಣಿಸುವ ಕೆಲಸ ಮಾಡಿದೆ.

ಇದು ಕೈಗೆ ಸಿಕ್ಕವರಿಗೆ ವಹಿಸುವ ಚಿಲ್ಲರೆ ಕೆಲಸವಲ್ಲ. ಸವಾರರು ದಾರಿಯ ನಡುವೆ ಪಶುವೈದ್ಯರು ಕುದುರೆಯನ್ನು ಪರೀಕ್ಷಿಸುವ ತಪಾಸಣೆಯ ಜಾಗಕ್ಕೆ ಬಂದು ಇಳಿದ ಮಾತ್ರಕ್ಕೆ ಅವರ ಕಡ್ಡಾಯ ವಿರಾಮದ ಗಡಿಯಾರ ಓಡತೊಡಗುವುದಿಲ್ಲ. ಕುದುರೆಯ ಎದೆಬಡಿತ ಅಂದಿನ ಮಿತಿಗೆ, ಸಾಮಾನ್ಯವಾಗಿ ನಿಮಿಷಕ್ಕೆ 60 ಅಥವಾ 64ಕ್ಕೆ, ಇಳಿದಿದೆಯೆಂದು ಎಣಿಸುವವರು ಹೇಳಿದ ಮೇಲೆಯೇ ಅದು ಶುರುವಾಗುತ್ತದೆ. ಎಡ ಮುಂಗಾಲಿನ ಮೊಣಕೈ ಹಿಂದೆ ಸ್ಟೆಥಸ್ಕೋಪನ್ನು ಒತ್ತಿ ಹಿಡಿದು, 15 ಸೆಕೆಂಡು ಎಣಿಸಿ, ನಾಲ್ಕರಿಂದ ಗುಣಿಸಬೇಕು. 16 ಬಡಿತವಾದರೆ 64, 17 ಆದರೆ 68. ಕುದುರೆ ದಾಟುವುದೂ ಕಾಯುವುದೂ ಆ ಒಂದೇ ಬಡಿತದ ಮೇಲೆ ನಿಂತಿರುವಾಗ, ಪಕ್ಕದಲ್ಲೇ ಸವಾರರು ಅದರ ಕತ್ತಿಗೆ ಸ್ಪಂಜಿನಿಂದ ನೀರು ಹಿಂಡುತ್ತಿರುತ್ತಾರೆ, ನೊಣ ಕೂತಲ್ಲೆಲ್ಲ ಚರ್ಮ ಅದುರುತ್ತಿರುತ್ತದೆ. ಜೋಡಿಯಾಗಿ ಕೇಳುವ ಸದ್ದನ್ನು ಒಂದೇ ಬಡಿತವೆಂದು ಎಣಿಸಬೇಕೆಂಬುದು ತಿಳಿಯದಿದ್ದರೆ ಲೆಕ್ಕ ಇಮ್ಮಡಿಯಾಗುತ್ತದೆ.

ನನ್ನ ಆಕ್ಷೇಪವಿರುವುದೂ ಇಲ್ಲಿಯೇ. ಇಷ್ಟು ಹೊಣೆಯ ಕೆಲಸಕ್ಕೆ ಕೊಟ್ಟ ತರಬೇತಿ ಬೆಳಗಿನ ಗಡಿಬಿಡಿಯಲ್ಲಿ ಕೆಲವೇ ನಿಮಿಷಗಳಲ್ಲಿ ಮುಗಿದುಹೋಯಿತು. ವಿಶ್ರಾಂತಿಯಲ್ಲಿರುವ ಕುದುರೆಯ ಬಡಿತ ನಿಮಿಷಕ್ಕೆ 28ರಿಂದ 44ರಷ್ಟಿದ್ದು, ಸದ್ದು ಬಿಡಿಬಿಡಿಯಾಗಿ ಕೇಳುತ್ತದೆ. ಹಿಂದಿನ ಸಂಜೆಯೇ ಅಂಥ ಕುದುರೆಯ ಮೇಲೆ ಹೊಸಬರಿಗೆ ಅಭ್ಯಾಸ ಮಾಡಿಸಿದ್ದರೆ ಕುದುರೆಗೂ ಸವಾರರಿಗೂ ನ್ಯಾಯವಾಗುತ್ತಿತ್ತು.

ಮೊದಲ ಸಲ ಹೋಗುವವರು ಪಶುವೈದ್ಯರ ಪಕ್ಕದಲ್ಲಿ ನಿಂತು ಕಾರ್ಡು ಬರೆಯುವ ಕೆಲಸವನ್ನೇ ಕೇಳಿ ಪಡೆಯಲಿ ಎಂಬುದು ನನ್ನ ಸಲಹೆ. ಒಸಡಿನ ಬಣ್ಣ, ಚಿವುಟಿದ ಚರ್ಮ ಮರಳುವ ವೇಗ, ಕರುಳಿನ ಸದ್ದು, ಓಡಿಸಿ ನೋಡಿದಾಗ ಕಾಣುವ ಕುಂಟು, ಇವನ್ನೆಲ್ಲ ವೈದ್ಯರು ಹೇಳುತ್ತಾ ಹೋದಂತೆ ಬರೆದುಕೊಳ್ಳುವುದು ಒಂದು ಪಾಠವೇ ಸರಿ. ಕೊನೆಯ ಗೆರೆ ದಾಟಿದ ಕುದುರೆಯೂ ಮುಂದೆ ಸಾಗುವಷ್ಟು ಸ್ವಸ್ಥವಾಗಿದೆಯೆಂದು ವೈದ್ಯರು ಒಪ್ಪದಿದ್ದರೆ ಸ್ಪರ್ಧೆ ಮುಗಿಸಿದ ಲೆಕ್ಕಕ್ಕೆ ಸೇರುವುದಿಲ್ಲ. ಈ ಕ್ರೀಡೆಯ ಮೇಲೆ ನನಗೆ ಗೌರವ ಮೂಡಿಸಿದ್ದು ಈ ನಿಯಮ.

ಊಟ, ನೀರು, ನೆರಳಿನ ವ್ಯವಸ್ಥೆ ಚೆನ್ನಾಗಿತ್ತು. ಗಟ್ಟಿ ಬೂಟು, ಟೋಪಿ, ಸೆಕೆಂಡು ಮುಳ್ಳಿರುವ ಕೈಗಡಿಯಾರ ಇಷ್ಟನ್ನು ಮರೆಯದೆ ಒಯ್ಯಿರಿ.