ಸೆಕೆಂಡರಿ ಡೈಅಮೀನ್ ಅಂತ ಅರ್ಧ ಇಮೀನ್ ಕೊಟ್ಟರು. ಹೊರಗೆ ಮಾಡಿಸುವವರು ಹುಷಾರು

ಇನ್ನೂ ಸಿಟ್ಟು ಇಳಿದಿಲ್ಲ, ಆದರೂ ಬರೆಯುತ್ತಿದ್ದೇನೆ. ಇನ್ನೊಬ್ಬರು ಇವರ ಕೈಗೆ ಸಿಗಬಾರದು.

ಪಾಲಿಯೂರಿಯಾ ಕೋಟಿಂಗ್‌ಗೆ (ಎರಡು ಭಾಗ ಬೆರೆಸಿ ಹಚ್ಚಿದರೆ ಗಟ್ಟಿಯಾಗುವ ಲೇಪ) ಹೊಸ ಸೆಕೆಂಡರಿ ಡೈಅಮೀನ್ ಬೇಕಿತ್ತು, ಅಂದರೆ ಎರಡೂ ಅಮೀನ್ ನೈಟ್ರೋಜನ್‌ಗಳಲ್ಲಿ ಒಂದೊಂದೇ ಹೈಡ್ರೋಜನ್ ಇರುವಂಥದ್ದು. ಹೊರಗಿನ ತಯಾರಕರೊಬ್ಬರಿಗೆ ಮಾಡಿಕೊಡಲು ಹೇಳಿದ್ದೆ. ಪ್ರೈಮರಿ ಡೈಅಮೀನ್ (ಎರಡೆರಡು ಹೈಡ್ರೋಜನ್ ಇರುವುದು) ಲೇಪದ ಇನ್ನೊಂದು ಭಾಗವಾದ ಐಸೊಸಯನೇಟ್ ಜೊತೆ ಬೇಗ ಗಟ್ಟಿಯಾಗುತ್ತೆ, ಹಚ್ಚಲು ಸಮಯವೇ ಸಿಗಲ್ಲ. ಸೆಕೆಂಡರಿ ಆದರೆ ನಿಧಾನ. ದಾರಿ ಗೊತ್ತಿರುವುದೇ: ಪ್ಯಾರಾ-ಫೀನಿಲೀನ್‌ಡೈಅಮೀನ್‌ಗೆ ಬೆಂಜಾಲ್ಡಿಹೈಡ್ ಸೇರಿಸಿ, ನೀರು ತೆಗೆದು ಡೈಇಮೀನ್ ಮಾಡಬೇಕು, ಅಂದರೆ ಎರಡು ಇಮೀನ್ (ಕಾರ್ಬನ್-ನೈಟ್ರೋಜನ್ ಜೋಡಿಬಂಧ) ಇರುವ ವಸ್ತು. ಆಮೇಲೆ ಎರಡೂ ಇಮೀನ್ ಬಂಧ ಪೂರ್ತಿ ರಿಡ್ಯೂಸ್ ಆಗಬೇಕು, ಅಂದರೆ ಹೈಡ್ರೋಜನ್ ಸೇರಿ ಒಂಟಿಬಂಧವಾಗಬೇಕು. ಪೂರ್ತಿ! ದುಡ್ಡು ಕೊಟ್ಟಿದ್ದೇ ಅದಕ್ಕೆ.

ಮೊದಲ ಸ್ಯಾಂಪಲ್ ಚೆನ್ನಾಗಿತ್ತು. ದೊಡ್ಡ ಬ್ಯಾಚ್ ಬಂತು, ಹಳದಿ ಪುಡಿ. ಗ್ರಾಹಕರೆದುರೇ ಪ್ಯಾನೆಲ್‌ಗೆ ಹಚ್ಚಿದೆವು. ಮಾರನೇ ದಿನಕ್ಕೂ ಅಂಟಂಟು. ಹತ್ತಿರ ಹೋದರೆ ಕಹಿ ಬಾದಾಮಿ ವಾಸನೆ. ಬೆಂಜಾಲ್ಡಿಹೈಡ್! ಇಮೀನ್ ಒಡೆದರೆ ಬರುವುದು ಇದೇ. ಗ್ರಾಹಕರ ಮುಂದೆ ತಲೆ ಎತ್ತಲಾಗಲಿಲ್ಲ.

ಎನ್‌ಎಂಆರ್ (ಅಣುವಿನ ರಚನೆ ತೋರಿಸುವ ಪರೀಕ್ಷೆ) ಹಾಕಿಸಿದೆ. ಅದರ ಸ್ಕೇಲಿನಲ್ಲಿ 8.5 ಪಿಪಿಎಂ ಹತ್ತಿರ ಇಮೀನ್ ಪೀಕ್ ಎದ್ದು ಕಾಣುತ್ತಿತ್ತು. ಮಾಸ್‌ನಲ್ಲಿ (ಅಣುವಿನ ತೂಕ ಅಳೆಯುವ ಪರೀಕ್ಷೆ) ಸರಿಯಾದ ಡೈಅಮೀನ್‌ನ 289 ಮಾತ್ರ ಬರಬೇಕಿತ್ತು. 287, 285 ಕೂಡ ಇದ್ದವು. ಒಂದು ಬದಿ ಮಾತ್ರ ರಿಡ್ಯೂಸ್ ಆದದ್ದು, ಏನೂ ಆಗದೇ ಉಳಿದದ್ದು, ಎಲ್ಲ ಸೇರಿದೆ.

ಹಾಗಾದರೆ ಆ ತಯಾರಕರ ಸರ್ಟಿಫಿಕೇಟ್ ಜೊತೆಗಿದ್ದ ಸ್ಪೆಕ್ಟ್ರಮ್ (ಇಂಥ ಪರೀಕ್ಷೆಯ ಗ್ರಾಫ್) ಅಷ್ಟು ಚೊಕ್ಕಟ ಹೇಗೆ? ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿದ್ದ ಬ್ಯಾಚ್ ನಂಬರ್ ಓದಿದೆ. ಮೊದಲ ಸ್ಯಾಂಪಲ್‌ದು! ಅದೇ ಕಾಗದ, ಹೊಸ ತಾರೀಖಿನ ಸರ್ಟಿಫಿಕೇಟ್‌ಗೆ ಲಗತ್ತಿಸಿದ್ದರು. ಮೈಯೆಲ್ಲ ಉರಿದುಹೋಯಿತು. ಇದು ಕಣ್ತಪ್ಪು ಅಲ್ಲ.

ಫೋನ್ ಮಾಡಿದರೆ, "ಸರ್, ನಿಮ್ಮ ಲ್ಯಾಬ್‌ನಲ್ಲಿ ತೇವ ಜಾಸ್ತಿ ಇರಬೇಕು" ಅಂದರು. ತೇವ ಇಮೀನನ್ನು ಒಡೆಯುತ್ತೆ ಸ್ವಾಮಿ, ಡೈಅಮೀನನ್ನು ಇಮೀನ್ ಮಾಡಲ್ಲ. ಆಮೇಲೆ, "ನಿಮ್ಮ ಐಸೊಸಯನೇಟ್ ಹಳೆಯದೇನೋ ನೋಡಿ." ಅದೇ ಡಬ್ಬಿಯಿಂದ ಅವರ ಮೊದಲ ಸ್ಯಾಂಪಲ್ ಗಟ್ಟಿಯಾಗಿತ್ತಲ್ಲ! ಬ್ಯಾಚ್ ನಂಬರ್ ಬಗ್ಗೆ ಕೇಳಿದ ಮೇಲೆ ಮಾತೇ ಬದಲಾಯಿತು. "ಇದು ನಿಮಗಾಗಿಯೇ ಮಾಡಿಸಿದ ಮಾಲು ಸರ್, ವಾಪಸ್ ಇಲ್ಲ." ಈಗ ಫೋನೂ ಎತ್ತುತ್ತಿಲ್ಲ.

ಹೊರಗೆ ಮಾಡಿಸುವುದಿದ್ದರೆ ಬಂದ ಬ್ಯಾಚ್‌ನದ್ದೇ ಸ್ಪೆಕ್ಟ್ರಮ್ ಕೇಳಿ. ನಂಬರ್, ತಾರೀಖು ಎರಡೂ ಮಾಲಿನ ಜೊತೆ ಹೋಲಿಸಿ. ಇಮೀನ್ ಎಷ್ಟರವರೆಗೆ ಉಳಿಯಬಹುದು ಅಂತ ಆರ್ಡರ್‌ನಲ್ಲೇ ಬರೆಸಿ. ಸುಮ್ನೆ "ಶುದ್ಧತೆ 98%" ಅಂದರೆ ಒಪ್ಪಬೇಡಿ. ನೀವೇ ಪರೀಕ್ಷೆ ಮಾಡಿಸುವವರೆಗೆ ಬಾಕಿ ದುಡ್ಡು ಕೊಡಲೇಬೇಡಿ. ಇಂಥವರಿಗೆ ಅರ್ಥವಾಗುವುದು ಅದೊಂದೇ.