ಷೇರು ಬೇರೆಯವರ ಹೆಸರಲ್ಲಿಟ್ಟಿದ್ದೀರಾ? ಎಂಜಿಟಿ-6 ಫೈಲ್ ಆಗಿದೆಯಾ ನೋಡಿ

ಫ್ರೆಂಡ್ ಕಂಪನಿಗೆ ದುಡ್ಡು ಹಾಕಿ ಷೇರನ್ನ ಅವನ ಕಡೆಯವರ ಹೆಸರಲ್ಲಿ ಬಿಡೋ ಯೋಚನೆ ಇದ್ರೆ ಇದನ್ನ ಓದಿ ಆಮೇಲೆ ಚೆಕ್ ಬರೀರಿ. ಷೇರು ಒಬ್ಬರ ಹೆಸರಲ್ಲಿದ್ರೂ ನಿಜವಾದ ಮಾಲೀಕ ಇನ್ನೊಬ್ಬರು ಅಂತ ಕಂಪನಿ ಸರ್ಕಾರಕ್ಕೆ ತಿಳಿಸೋ ಫಾರ್ಮೇ ಎಂಜಿಟಿ-6. ನಾನೂ ಹಿಂಗೇ ಫ್ರೆಂಡ್ ಕಂಪನಿಗೆ ದುಡ್ಡು ಹಾಕ್ದೆ. "ಸದ್ಯಕ್ಕೆ ನನ್ ಭಾಮೈದನ ಹೆಸರಲ್ಲಿರ್ಲಿ, ಬ್ಯಾಂಕ್ ಲೋನ್ ಆದ್ಮೇಲೆ ನಿನ್ ಹೆಸರಿಗೆ ಮಾಡ್ಸೋಣ, ಡಿಕ್ಲರೇಶನ್ ಎಲ್ಲಾ ಸಿಎ ನೋಡ್ಕೋತಾರೆ" ಅಂದ ಆ ಫ್ರೆಂಡು. ನಿಜವಾದ ಮಾಲೀಕ ನಾನೇ ಅಂತ ಹೇಳೋ ಎಂಜಿಟಿ-5 ಫಾರ್ಮಿಗೆ ನನ್ ಕೈಲಿ ಸೈನೂ ಹಾಕಿಸ್ಕೊಂಡ್ರು.

ಬ್ಯಾಲೆನ್ಸ್ ಶೀಟ್ ಕೇಳಿದೆ ನೋಡಿ, ಅವತ್ತಿಂದ ದನಿನೇ ಬೇರೆ. ಭಾಮೈದ ಡೈರೆಕ್ಟರ್ ಬೇರೆ, ಅವನ ಮೇಲ್: "ಮೆಂಬರ್ಸ್ ರಿಜಿಸ್ಟರ್‌ನಲ್ಲಿ ತಮ್ಮ ಹೆಸರು ಇರುವುದಿಲ್ಲ, ಲೆಕ್ಕಪತ್ರ ಕೊಡಲು ಬರುವುದಿಲ್ಲ." ತಮ್ಮ ಅಂತೆ! ದುಡ್ಡು ತಗೊಳ್ಳೋವಾಗ ಅಣ್ಣಾ ಅಣ್ಣಾ ಅಂತಿದ್ದ.

ಎಂಸಿಎ (ಕೇಂದ್ರದ ಕಂಪನಿ ವ್ಯವಹಾರ ಸಚಿವಾಲಯ) ಪೋರ್ಟಲ್‌ನಲ್ಲಿ ಫೀ ಕಟ್ಟಿ ಕಂಪನಿ ಫೈಲಿಂಗ್ ಎಲ್ಲಾ ತೆಗೆದು ನೋಡಿದೆ. ಎಂಜಿಟಿ-6 ಇಲ್ಲ. ಮೇಲಿಂದ ಕೆಳಗೆ ಹುಡುಕಿದೆ, ಇಲ್ಲವೇ ಇಲ್ಲ. ಮೈ ಉರಿದುಹೋಯ್ತು. ಕಂಪನಿ ಕಾಯ್ದೆ ಸೆಕ್ಷನ್ 89 ಪ್ರಕಾರ ಹೆಸರಿಗಿರೋನು ಎಂಜಿಟಿ-4, ನಿಜವಾದ ಮಾಲೀಕ ಎಂಜಿಟಿ-5, ಎರಡೂ 30 ದಿನದೊಳಗೆ ಕಂಪನಿಗೆ ಕೊಡ್ಬೇಕು, ಅದು ಸಿಕ್ಕ 30 ದಿನದೊಳಗೆ ಕಂಪನಿ ಎಂಜಿಟಿ-6ನ ಆರ್‌ಒಸಿಗೆ (ಕಂಪನಿ ರಿಜಿಸ್ಟ್ರಾರ್) ಹಾಕ್ಬೇಕು. ಸಿಎನ ಕೇಳಿದ್ರೆ "ನಮ್ಗೆ ಯಾವ ಡಿಕ್ಲರೇಶನ್ನೂ ಬಂದಿಲ್ಲ ಸರ್" ಅಂತಾರೆ. ನನ್ ಸೈನ್ ಇರೋ ಹಾಳೆ ಯಾರ ಡ್ರಾಯರಲ್ಲಿದೆಯೋ!

ವಕೀಲರು ಹೇಳಿದ್ದು ಕೇಳಿ ಕೂತಲ್ಲೇ ಕೂತೆ. ಡಿಕ್ಲೇರ್ ಮಾಡದ ಷೇರಿನ ಮೇಲೆ ನಿಜವಾದ ಮಾಲೀಕ ಯಾವ ಹಕ್ಕೂ ಚಲಾಯಿಸೋಕಾಗಲ್ವಂತೆ, ಡಿವಿಡೆಂಡ್ ಕೂಡ ಕಂಪನಿ ಕೊಡೋದು ರಿಜಿಸ್ಟರ್‌ನಲ್ಲಿರೋನಿಗೇ. ಸಾಲದ್ದಕ್ಕೆ ಡಿಕ್ಲೇರ್ ಮಾಡದವರಿಗೆ 50,000 ದಂಡ, ಮೇಲೆ ದಿನಕ್ಕೆ 200. ಅಂದ್ರೆ ದುಡ್ಡೂ ನಂದೇ ದಂಡಾನೂ ನಂಗೇ.

ಫ್ರೆಂಡಿಗೆ ಫೋನ್ ಮಾಡಿದ್ರೆ "ಜಾಸ್ತಿ ಎಳೆದಾಡ್ಬೇಡ ಮಾರಾಯ, ಆಮೇಲೆ ಬೇನಾಮಿ ಅಂತ ಇನ್‌ಕಮ್ ಟ್ಯಾಕ್ಸ್‌ನೋರು ನಿನ್ನನ್ನೇ ಕರೀತಾರೆ" ಅಂದ. ಬೇರೆಯವರ ಹೆಸರಲ್ಲಿಡು ಅಂತ ಬೆನ್ನು ಬಿದ್ದೋನೇ ಇವ್ನು! ಈಗ ಅದನ್ನೇ ಹಿಡ್ಕೊಂಡು ನಂಗೆ ಹೆದರಿಸ್ತಾನೆ.

ಸೈನ್ ಹಾಕಿದ ಫಾರ್ಮಿನ ಕಾಪಿ, ಕಂಪನಿ ಸೀಲ್ ಇರೋ ಸ್ವೀಕೃತಿ ಇಸ್ಕೊಳ್ಳಿ, ಫೈಲ್ ಮಾಡಿದ್ವಿ ಅಂದ್ರೆ ಪೋರ್ಟಲ್ ಕೊಡೋ ಎಸ್‌ಆರ್‌ಎನ್ ಅನ್ನೋ ಫೈಲಿಂಗ್ ನಂಬರ್ ಕೇಳಿ, ಪೋರ್ಟಲ್‌ನಲ್ಲಿ ಕಣ್ಣಿಗೆ ಕಾಣೋ ತನಕ ಎರಡನೇ ಕಂತು ಬಿಡ್ಬೇಡಿ. ಇನ್ನೊಂದು ಕಂಪನಿ ಮೂಲಕ ನಿಮ್ಮ ಪಾಲು 10% ಮುಟ್ಟಿದ್ರೆ ಸೆಕ್ಷನ್ 90, ಬೆನ್-1 ಅನ್ನೋ ಇನ್ನೊಂದು ಡಿಕ್ಲರೇಶನ್ ಫಾರ್ಮಿನ ಕಥೆ ಬೇರೆ ಇದೆ, ಅದನ್ನೂ ಕೇಳ್ಕೊಳ್ಳಿ. ಕೇಳೋದು ನಿಮ್ಮ ಸಿಎ ಹತ್ರ, ಅವರ ಸಿಎ ಹತ್ರ ಅಲ್ಲ. ಇವರ ಸಿಎ ಆ ಭಾಮೈದನ ಚಿಕ್ಕಪ್ಪನ ಮಗ ಅಂತ ನಂಗೆ ಗೊತ್ತಾಗಿದ್ದು ಮೊನ್ನೆ.